ಬಿಟ್ಟಿ ಅಳಿಯಿತು, ಭೂಮಿ ಉಳಿಯಲಿಲ್ಲ

ಉಳುವವನಿಗೂ ಉಣ್ಣುವವನಿಗೂ ನಡುವಣ ವಿರೋಧವು ಭೂಮಿಯ ಒಡೆತನದಷ್ಟೇ ಹಳೆಯದು. ದುಡಿಮೆ ಒಬ್ಬನದು, ಕಣಜ ಇನ್ನೊಬ್ಬನದು ಎಂಬ ಏರ್ಪಾಡನ್ನು ಜನರು ಬಹುಕಾಲ ಸೈರಿಸುವರು. ದೈವೇಚ್ಛೆಯೆಂದೂ ಪೂರ್ವಕರ್ಮವೆಂದೂ ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವರು. ಆದರೆ ಸೈರಣೆಗೂ ಒಂದು ಮೇರೆಯುಂಟು. ಆ ಮೇರೆ ಮೀರಿದಾಗ ಏನಾಗುವುದೆಂಬುದಕ್ಕೆ ರಶಿಯ, ಚೀನ ದೇಶಗಳ ಚರಿತ್ರೆಯನ್ನೇ ತೆರೆಯಬೇಕಾಗಿಲ್ಲ. ೧೯೪೬ರಿಂದ ೧೯೫೧ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದ ತೆಲುಗು ಜಿಲ್ಲೆಗಳಲ್ಲಿ, ಕಮ್ಯೂನಿಸ್ಟ್ ಪಕ್ಷದ ಮುಂದಾಳುತನದಲ್ಲಿ ನಡೆದ ರೈತರ ಸಶಸ್ತ್ರ ದಂಗೆಯು ನಮ್ಮ ನೆರೆಮನೆಯ ಕಥೆ. ನೆರೆಮನೆಯೆಂದರೂ ಕಡಿಮೆಯೇ; ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡಿಗರು ಅಂದು ಅದೇ ಸಿಂಹಾಸನದ ಪ್ರಜೆಗಳಾಗಿದ್ದರು; ಅದೇ ಪಟೇಲ-ಪಟವಾರಿಗಳ ಆಳಿಕೆಯನ್ನು ಅನುಭವಿಸಿದ್ದರು.

ಈ ದಂಗೆಯನ್ನು ಹೊಗಳುವವರೂ ತೆಗಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ಬೇಕಾದುದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಇಷ್ಟು ರಕ್ತ ಸುರಿದ ಮೇಲೆ ಬಡ ಒಕ್ಕಲಿಗನ ಕೈಯಲ್ಲಿ ಕೊನೆಗೆ ಉಳಿದುದೇನು, ಉಳಿಯದೆ ಹೋದುದೇನು, ಹಾಗಾಗಲು ಕಾರಣವೇನು ಎಂಬ ಲೆಕ್ಕವನ್ನು ಒಮ್ಮೆ ಶಾಂತಚಿತ್ತದಿಂದ ಹಾಕಿ ನೋಡಬೇಕೆಂಬುದೇ ನಮ್ಮ ಉದ್ದೇಶ.

ಮೊದಲು ಆ ಸಂಸ್ಥಾನದ ಭೂಮಿಯ ವಿಂಗಡಣೆಯನ್ನು ತಿಳಿದುಕೊಳ್ಳುವುದು ಅವಶ್ಯ. ಒಟ್ಟು ಭೂಮಿಯಲ್ಲಿ ಹತ್ತರಲ್ಲೊಂದು ಪಾಲು ‘ಸರ್ಫೆಖಾಸ್’ ಎಂಬ ಹೆಸರಿನಲ್ಲಿ ನಿಜಾಮರ ಸ್ವಂತ ಆಸ್ತಿಯಾಗಿತ್ತು. ಸುಮಾರು ಮೂರು ಪಾಲು ಜಾಗೀರುದಾರರ ಕೈಯಲ್ಲಿತ್ತು. ಉಳಿದ ಆರು ಪಾಲು ‘ದಿವಾನಿ’, ಅಂದರೆ ಸರಕಾರಕ್ಕೆ ನೇರವಾಗಿ ಕಂದಾಯ ಸಲ್ಲಿಸುವ ಭೂಮಿ. ಈ ದಿವಾನಿ ಪ್ರದೇಶದಲ್ಲಾದರೂ ರೈತನು ಸ್ವತಂತ್ರನಾಗಿರಬೇಕಾಗಿತ್ತು. ಆದರೆ ಅಲ್ಲಿ ಅವನ ತಲೆಯ ಮೇಲೆ ಕುಳಿತವರು ದೇಶಮುಖರು, ದೇಶಪಾಂಡೆಯರು. ಇವರು ಮೂಲತಃ ಜಮೀನುದಾರರಲ್ಲ. ಸರಕಾರದ ಪರವಾಗಿ ಕಂದಾಯವನ್ನು ವಸೂಲು ಮಾಡುತ್ತಿದ್ದ ವಂಶಪಾರಂಪರ್ಯದ ಅಧಿಕಾರಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ದಿವಾನ ಸಾಲಾರ್ ಜಂಗರು ಕಂದಾಯದ ಗುತ್ತಿಗೆಯನ್ನು ನಿಲ್ಲಿಸಿ ಮೋಜಣಿ ಮಾಡಿಸಿ, ಭೂಮಿಯನ್ನು ಹೆಸರು ಹೆಸರಿಗೆ ದಾಖಲೆ ಮಾಡಿಸಲು ತೊಡಗಿದಾಗ, ದಫ್ತರವು ಯಾರ ಮನೆಯಲ್ಲಿತ್ತೋ ಅವರದೇ ಹೆಸರು ಒಳ್ಳೊಳ್ಳೆಯ ಹೊಲಗದ್ದೆಗಳ ಮುಂದೆ ಬರೆಯಲ್ಪಟ್ಟಿತು. ತಲೆತಲಾಂತರದಿಂದ ಉತ್ತು ಬಿತ್ತಿದವನು, ತಾನು ಗೇಣಿಯ ಆಳೆಂಬುದನ್ನು ಬೇರೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯಲಾರದು.

ಹೀಗೆ ಕೂಡಿದ ಆಸ್ತಿಯ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾಗದಿರದು. ಹೋರಾಟದ ಮುಖಂಡರಲ್ಲೊಬ್ಬರಾದ ಪುಚ್ಚಲಪಲ್ಲಿ ಸುಂದರಯ್ಯನವರು ೧೯೭೨ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಸೂರ್ಯಾಪೇಟೆಯ ಕಡೆಯ ಜನ್ನಾರೆಡ್ಡಿ ಮನೆತನದ ವಶದಲ್ಲಿ ಒಂದೂವರೆ ಲಕ್ಷ ಎಕರೆಯಿತ್ತು. ಜನಗಾಂ ತಾಲೂಕಿನ ವಿಸ್ನೂರಿನ ದೇಶಮುಖ ರಾಮಚಂದ್ರಾರೆಡ್ಡಿಯು ೪೦,೦೦೦ ಎಕರೆಗಳ ಒಡೆಯನು. ಎಕರೆಗಳನ್ನು ಎಣಿಸಿದ ಮಾತ್ರಕ್ಕೆ ಈ ಒಡೆತನದ ಪೂರ್ಣಸ್ವರೂಪವು ತಿಳಿಯುವುದಿಲ್ಲ. ಭೂಮಿಯೊಡನೆ ಅದರ ಮೇಲಣ ಮನುಷ್ಯರೂ ದೊರೆಯ ಆಸ್ತಿಯಾಗಿದ್ದರೆಂಬುದೇ ಇದರ ತಿರುಳು.

ತೆಲುಗಿನಲ್ಲಿ ‘ವೆಟ್ಟಿ’ ಎನ್ನುವುದು ನಮ್ಮ ಬಿಟ್ಟಿಯೇ. ಕುಂಬಾರನು ಮಡಕೆಯನ್ನು ಬಿಟ್ಟಿಯಾಗಿ ಕೊಡಬೇಕು. ಚಮ್ಮಾರನು ಕೆರ, ಕಪಿಲೆಯ ತೊಗಲು ಒದಗಿಸಬೇಕು. ಅಗಸನು ಬಟ್ಟೆ ಒಗೆಯಬೇಕು. ಈಚಲು ಇಳಿಸುವವನು ಹೆಂಡವನ್ನೂ, ಕುರಿ ಕಾಯುವವನು ಕುರಿಯನ್ನೂ, ನೇಕಾರನು ಬಟ್ಟೆಯನ್ನೂ ಹೊತ್ತು ತರಬೇಕು. ಅಸ್ಪೃಶ್ಯರೆನಿಸಿದವರ ಪ್ರತಿಯೊಂದು ಮನೆಯಿಂದಲೂ ಒಂದಾಳು ದೊರೆಯ ಬಾಗಿಲಲ್ಲಿ ದುಡಿಯಲೇಬೇಕು. ಅಧಿಕಾರಿಯು ಹಳ್ಳಿಗೆ ಬಂದರೆ ಅವನ ಸಾಮಾನು ಹೊರುವುದೂ, ಅವನ ಊಟೋಪಚಾರದ ಸಾಮಗ್ರಿಯನ್ನು ಒದಗಿಸುವುದೂ ಹಳ್ಳಿಯವರ ಪಾಲಿಗೇ. ರೈತನು ಮೊದಲ ಮಳೆಗೆ ದೊರೆಯ ಹೊಲವನ್ನು ಉತ್ತು ಆಮೇಲೆ ತನ್ನದನ್ನು ನೋಡಿಕೊಳ್ಳಬೇಕು. ಅಷ್ಟರಲ್ಲಿ ಹದ ತಪ್ಪಿದ್ದರೆ ಅದು ಅವನ ಹಣೆಬರಹ. ದೊರೆಯ ಮಗಳು ಗಂಡನ ಮನೆಗೆ ಹೋಗುವಾಗ ಬಡವರ ಹೆಣ್ಣುಮಕ್ಕಳನ್ನು ದಾಸಿಯರನ್ನಾಗಿ ಜೊತೆಗೆ ಕಳುಹಿಸುವ ಪದ್ಧತಿಯೂ ಇತ್ತು. ‘ಬಾಂಚನ್ ದೊರ, ಕಾಲ್ಮೊಕ್ತಾ’, ಅಂದರೆ ‘ನಿಮ್ಮ ಗುಲಾಮ ಒಡೆಯಾ, ಕಾಲಿಗೆ ಬೀಳುವೆ’ ಎಂಬುದು ಅಲ್ಲಿಯ ಹಳ್ಳಿಗನು ದೊರೆಯೆದುರು ಬಾಯಿಬಿಟ್ಟಾಗ ಹೊರಡುತ್ತಿದ್ದ ಮೊದಲ ಮಾತಾಗಿತ್ತು. ಇದು ಬಡತನವಷ್ಟೇ ಅಲ್ಲ, ಮನುಷ್ಯತ್ವದ ಅಪಹಾರ.

ಇದೆಲ್ಲವೂ ಕಾನೂನಿಗೆ ಸಮ್ಮತವಾಗಿತ್ತೇ ಎಂದು ವಾಚಕರು ಕೇಳಬಹುದು. ಇರಲಿಲ್ಲವೆಂಬುದೇ ಈ ವಿಷಯದ ವೈಚಿತ್ರ್ಯ. ಬಿಟ್ಟಿಯನ್ನು ನಿಷೇಧಿಸುವ ನಿಜಾಮ ಸರಕಾರದ ಆಜ್ಞೆಗಳು ಬಹು ಹಿಂದೆಯೇ ಹೊರಟಿದ್ದವು. ಸಾಲಕ್ಕಾಗಿ ಜೀತವಿರುವ ‘ಭಗೇಲಾ’ ಪದ್ಧತಿಯನ್ನು ಕಟ್ಟುಪಾಡಿಗೆ ತರುವ ಕಾನೂನು ೧೯೩೬ರಲ್ಲಿಯೇ ಆಗಿತ್ತು. ಆದರೆ ಆಜ್ಞೆಯನ್ನು ಓದಿ ಹೇಳತಕ್ಕವನು ಪಟವಾರಿ. ಪಟವಾರಿಯು ದೊರೆಯ ಮನುಷ್ಯ. ನ್ಯಾಯಸ್ಥಾನವೇನೋ ಇತ್ತು, ಅಲ್ಲಿ ಗೆದ್ದವನ ಗತಿಯನ್ನು ಕಾಮಾರೆಡ್ಡಿಗೂಡೆಮಿನ ಬಂದಗಿ ಎಂಬ ಬಡ ಮುಸಲ್ಮಾನ ರೈತನ ಕಥೆಯು ಹೇಳುವುದು. ವಿಸ್ನೂರಿನ ದೇಶಮುಖನ ಬೆಂಬಲವಿದ್ದವರ ಮೇಲೆ ಅವನು ತನ್ನ ಭೂಮಿಗಾಗಿ ವರ್ಷಗಟ್ಟಲೆ ವ್ಯಾಜ್ಯ ಹೂಡಿದನು, ಗೆದ್ದನು, ಗೆದ್ದ ತಪ್ಪಿಗಾಗಿ ಕೊಲೆಯಾದನು. ಕಾನೂನಿನ ಬಾಗಿಲನ್ನು ತಟ್ಟಿದವನು ಹೀಗೆ ಬೀದಿಯಲ್ಲಿ ಹೆಣವಾಗಿ ಬಿದ್ದರೆ, ಉಳಿದವರು ಆ ಬಾಗಿಲ ಕಡೆಗೆ ಮತ್ತೆ ಮುಖ ಮಾಡುವರೆಂದು ನಿರೀಕ್ಷಿಸುವುದು ಹೇಗೆ?

ತೆಲುಗರ ಭಾಷಾಭಿಮಾನದಿಂದ ಹುಟ್ಟಿ ಬೆಳೆದ ಆಂಧ್ರ ಮಹಾಸಭೆಯು ಮೊದಮೊದಲು ವಾಚನಾಲಯ, ಪಾಠಶಾಲೆ, ಅರ್ಜಿ, ನಿರ್ಣಯಗಳ ಸಂಸ್ಥೆಯಾಗಿತ್ತು. ೧೯೪೪ರ ಭುವನಗಿರಿ ಅಧಿವೇಶನದಲ್ಲಿ ರಾವಿ ನಾರಾಯಣರೆಡ್ಡಿಯವರು ಅಧ್ಯಕ್ಷರಾದರು, ಮಿತವಾದಿಗಳು ಬೇರೆಯಾದರು, ಸದಸ್ಯತ್ವದ ಚಂದಾ ಒಂದಾಣೆಗೆ ಇಳಿಯಿತು. ಆ ಒಂದಾಣೆಯು ಸಭೆಯ ಸ್ವರೂಪವನ್ನೇ ಬದಲಿಸಿತು. ವಕೀಲರ ಸಭೆಯು ಒಕ್ಕಲಿಗರ ‘ಸಂಘಂ’ ಆಯಿತು. ಯುದ್ಧಕಾಲದಲ್ಲಿ ಸರಕಾರವು ವಿಧಿಸಿದ ಲೆವಿ ಧಾನ್ಯವನ್ನು ದೊಡ್ಡ ದೊರೆಗಳು ತಪ್ಪಿಸಿಕೊಂಡು, ಸಣ್ಣ ರೈತನ ಗುಡಾಣದಿಂದ ಅಳೆಸಿಕೊಂಡುದು ಬೆಂಕಿಗೆ ತುಪ್ಪವಾಯಿತು. ಪಾಲಕುರ್ತಿಯಲ್ಲಿ ಅಗಸರ ಐಲಮ್ಮನೆಂಬ ಹೆಂಗಸು ಗೇಣಿಗೆ ಹಿಡಿದು ಬೆಳೆದ ಪೈರನ್ನು ಕಿತ್ತುಕೊಳ್ಳಲು ದೇಶಮುಖನು ಆಳುಗಳನ್ನು ಕಳುಹಿಸಿದಾಗ, ಸಂಘದ ಸ್ವಯಂಸೇವಕರು ತಾವೇ ಕೊಯ್ದು ಭತ್ತವನ್ನು ಅವಳ ಮನೆಗೆ ಮುಟ್ಟಿಸಿದರು. ದೊರೆಯ ಆಳುಗಳು ಬರಿಗೈಯಿಂದ ಹಿಂದಿರುಗಿದುದನ್ನು ಸುತ್ತಲಿನ ಹಳ್ಳಿಗಳು ಕಂಡವು. ಭಯವು ಒಮ್ಮೆ ಬಿರುಕು ಬಿಟ್ಟರೆ ಅದನ್ನು ಬೆಸೆಯುವುದು ಕಠಿಣ.

೧೯೪೬ನೆಯ ಜುಲೈ ೪ರಂದು ಕಡವೆಂಡಿ ಗ್ರಾಮದಲ್ಲಿ ಸಂಘದವರ ಮೆರವಣಿಗೆಯು ದೇಶಮುಖನ ಮನೆಯ ಬಳಿ ಬಂದಾಗ ಒಳಗಿನಿಂದ ಗುಂಡುಗಳು ಹಾರಿ, ಕುರಿಕಾಯುವ ಕುಲದ ದೊಡ್ಡಿ ಕೊಮರಯ್ಯನೆಂಬ ತರುಣನು ಮಡಿದನು. ಆ ಸಾವಿನಿಂದ ದಂಗೆಯು ಕಾಳ್ಗಿಚ್ಚಿನಂತೆ ಹಬ್ಬಿತು. ತೆಲುಗರು ‘ಗಡಿ’ ಎಂದೂ ನಮ್ಮವರು ‘ವಾಡೆ’ ಎಂದೂ ಕರೆಯುವ ದೊರೆಗಳ ಕೋಟೆಮನೆಗಳ ಮುಂದೆ ಜನರು ಹಿಂಡುಗಟ್ಟಿ ನಿಂತರು. ಅವರ ಕೈಯಲ್ಲಿದ್ದುದು ಬಡಿಗೆ ಮತ್ತು ಕವಣೆ. ಹೆಂಗಸರ ಕೈಯಲ್ಲಿ ಒನಕೆ ಮತ್ತು ಖಾರದ ಪುಡಿ. ಕೆಲವೇ ವಾರಗಳಲ್ಲಿ ನಲ್ಗೊಂಡ, ವಾರಂಗಲ್ ಜಿಲ್ಲೆಗಳ ನೂರಾರು ಗ್ರಾಮಗಳಲ್ಲಿ ಬಿಟ್ಟಿಯು ನಿಂತುಹೋಯಿತು. ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಬಿಟ್ಟಿಯನ್ನು ನಿಲ್ಲಿಸಿದುದು ಬಂದೂಕಲ್ಲ. ಸಶಸ್ತ್ರ ಹೋರಾಟಕ್ಕೆ ಬಹಿರಂಗವಾಗಿ ಕರೆ ಬಂದುದು ೧೯೪೭ರ ಸಪ್ಟೆಂಬರಿನಲ್ಲಿ. ಬಿಟ್ಟಿ ನಿಂತುದು ಅದಕ್ಕಿಂತ ಒಂದು ವರ್ಷ ಮುಂಚೆ. ಎಲ್ಲರೂ ಒಂದೇ ದಿನ ‘ಆಗದು’ ಎಂದರು, ಅಷ್ಟೇ ಸಾಕಾಯಿತು.

೧೯೪೭ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದರೂ ನಿಜಾಮರು ಒಕ್ಕೂಟವನ್ನು ಸೇರಲೊಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿ ಕೊಲೆ, ಸುಲಿಗೆಗಳನ್ನು ನಡೆಸಿದರು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸಂಸ್ಥಾನ ಕಾಂಗ್ರೆಸ್ಸು ಸತ್ಯಾಗ್ರಹ ಹೂಡಿತು; ಗಡಿಯಾಚೆ ಮುಂಡರಗಿಯೇ ಮೊದಲಾದೆಡೆ ಕನ್ನಡಿಗರ ಶಿಬಿರಗಳು ಎದ್ದವು. ತೆಲುಗು ಜಿಲ್ಲೆಗಳಲ್ಲಿ ಮುಖ್ಯವಾಗಿ ಕಮ್ಯೂನಿಸ್ಟರು ದಳಗಳನ್ನು ಕಟ್ಟಿ ರಜಾಕಾರರನ್ನೂ ದೊರೆಗಳನ್ನೂ ಒಟ್ಟಿಗೆ ಎದುರಿಸಿದರು. ದೊರೆಗಳು ಹಳ್ಳಿ ಬಿಟ್ಟು ಪಟ್ಟಣ ಸೇರಿದರು. ಗ್ರಾಮಸಮಿತಿಗಳು ಸಾಲದ ಪತ್ರಗಳನ್ನು ಸುಟ್ಟವು. ದೌರ್ಜನ್ಯದಿಂದ ಕಸಿದ ಭೂಮಿಯನ್ನು ಮೂಲ ರೈತನಿಗೆ ಮರಳಿಸಿದವು. ಪಾಳುಭೂಮಿಯನ್ನೂ, ಕೊನೆಗೆ ಮಿತಿ ಮೀರಿದ ಹಿಡುವಳಿಯನ್ನೂ ಹಂಚಿದವು. ಈ ಮಿತಿಯು ಮೊದಲು ೫೦೦ ಎಕರೆ, ಬಳಿಕ ೨೦೦, ಆಮೇಲೆ ೧೦೦ ಎಕರೆ ಖುಷ್ಕಿ ಮತ್ತು ೧೦ ಎಕರೆ ತರಿಗೆ ಇಳಿಯಿತು. ಸಮತೆಯನ್ನು ಸಾರಿದ ಪಕ್ಷವು ೫೦೦ ಎಕರೆಗಳಿಂದ ಆರಂಭಿಸಿದುದೇಕೆ? ಚಳವಳಿಯಲ್ಲಿ ಅನುಕೂಲಸ್ಥ ರೈತರೂ ಇದ್ದರು. ಮುಖಂಡರಲ್ಲಿ ಅನೇಕರು ಜಮೀನುದಾರ ಮನೆತನದವರೇ. ರೈತವರ್ಗವೆಂಬುದು ಒಂದೇ ಅಚ್ಚಿನದಲ್ಲ. ಅದರೊಳಗೂ ಹೊಲವುಳ್ಳವನು ಬೇರೆ, ಬರಿಯ ಕೂಲಿಯವನು ಬೇರೆ. ತತ್ತ್ವದ ಪುಸ್ತಕದಲ್ಲಿ ಸರಳವಾಗಿ ತೋರುವ ವರ್ಗಸಂಘರ್ಷವು ಹಳ್ಳಿಯ ನೆಲಕ್ಕಿಳಿದಾಗ ಎಷ್ಟು ಜಟಿಲವಾಗುವುದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಸುಂದರಯ್ಯನವರ ಲೆಕ್ಕದಂತೆ ಈ ಸಮಿತಿಗಳ ಆಡಳಿತವು ಸುಮಾರು ೩,೦೦೦ ಗ್ರಾಮಗಳಿಗೆ ವ್ಯಾಪಿಸಿತ್ತು. ೧೦ ಲಕ್ಷ ಎಕರೆ ಭೂಮಿಯು ಹಂಚಲ್ಪಟ್ಟಿತು. ೪,೦೦೦ ಮಂದಿ ಕಾರ್ಯಕರ್ತರೂ ರೈತರೂ ಪ್ರಾಣ ಕಳೆದುಕೊಂಡರು. ೧೦,೦೦೦ಕ್ಕೂ ಹೆಚ್ಚು ಜನರು ಸೆರೆಮನೆ ಸೇರಿದರು. ಇದು ಪಕ್ಷದ ಮುಖಂಡರೊಬ್ಬರು ಕೊಟ್ಟ ಲೆಕ್ಕವೆಂಬುದನ್ನು ಮರೆಯದೆ ಓದಿದರೂ ಇದರ ಗಾತ್ರವು ಕ್ಷುದ್ರವಾದುದಲ್ಲ. ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ನ್ಯಾಯವಾಗದು. ದಳಗಳ ಕೈಯಿಂದ ಜಮೀನುದಾರರು, ಪಟೇಲ-ಪಟವಾರಿಗಳು, ಗೂಢಚಾರರೆಂದು ಸಂಶಯಿಸಲ್ಪಟ್ಟವರು ಹತರಾದರು. ಆರೋಪಿಸುವವನೂ ತೀರ್ಪು ಕೊಡುವವನೂ ದಂಡಿಸುವವನೂ ಒಬ್ಬನೇ ಆದಾಗ ನಿರಪರಾಧಿಗೆ ರಕ್ಷಣೆಯೆಲ್ಲಿ? ದೊರೆಯ ವಾಡೆಯಲ್ಲಿ ಇಲ್ಲದಿದ್ದ ನ್ಯಾಯವು ಕಾಡಿನ ದಳದಲ್ಲಿಯೂ ಎಲ್ಲ ಸಮಯದಲ್ಲಿಯೂ ಇತ್ತೆಂದು ನಾವು ಹೇಳಲಾರೆವು.

೧೯೪೮ನೆಯ ಸಪ್ಟೆಂಬರ್ ೧೩ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಶರಣಾದರು. ರಜಾಕಾರರ ಕಾಟವು ತೊಲಗಿತೆಂದು ಹಳ್ಳಿಗಳು ನಿಟ್ಟುಸಿರಿಟ್ಟವು. ಆದರೆ ಸೇನೆಯ ಬೆನ್ನ ಹಿಂದೆಯೇ ಓಡಿಹೋಗಿದ್ದ ದೊರೆಗಳೂ ಹಿಂದಿರುಗಿದರು. ನಿನ್ನೆ ನಿಜಾಮರ ದರ್ಬಾರಿನಲ್ಲಿ ಸಲಾಮು ಹೊಡೆದವರಲ್ಲಿ ಅನೇಕರು ಇಂದು ಖಾದಿಯ ಟೊಪ್ಪಿಗೆಯನ್ನು ಧರಿಸಿ ಬಂದರು. ಹಂಚಿದ ಭೂಮಿಯಲ್ಲಿ ಬೆಳೆ ನಿಂತಿತ್ತು. ಕಾಗದದಲ್ಲಿ ಹೆಸರು ದೊರೆಯದೇ ಇತ್ತು. ಸೈನ್ಯಾಡಳಿತವು ನಂಬಿದುದು ಕಾಗದವನ್ನು. ರಾಷ್ಟ್ರೀಯ ಮನೋಭಾವದವರಿಗೆ ಇದು ಕಹಿಯಾದ ಸತ್ಯ. ಆದರೆ ಸತ್ಯವನ್ನು ಕಹಿಯೆಂದು ಉಗುಳಲಾಗದು.

ಕಮ್ಯೂನಿಸ್ಟರಲ್ಲಿಯೇ ಭೇದವುಂಟಾಯಿತು. ನಿಜಾಮಶಾಹಿಯು ಬಿದ್ದ ಮೇಲೆ ಶಸ್ತ್ರವನ್ನು ಕೆಳಗಿಡಬೇಕೆಂದು ರಾವಿ ನಾರಾಯಣರೆಡ್ಡಿಯವರಂಥವರು ವಾದಿಸಿದರು. ಚೀನದ ಮಾದರಿಯ ದೀರ್ಘಯುದ್ಧವೇ ಮಾರ್ಗವೆಂದು ಇತರರು ಹಟ ಹಿಡಿದರು. ಹಟವೇ ಗೆದ್ದಿತು. ರಜಾಕಾರರ ವಿರುದ್ಧ ಇಡೀ ಊರೇ ಬೆಂಬಲಿಸಿದ್ದ ದಳಗಳು ಈಗ ಬಯಲನ್ನು ಬಿಟ್ಟು ಗೋದಾವರಿಯ ಕಾಡುಗಳಿಗೆ ಸರಿಯಬೇಕಾಯಿತು. ಮೂರು ವರ್ಷಗಳ ಕಾಲ ಹೀಗೆ ಜನರು ಸತ್ತು ನೊಂದ ಮೇಲೆ, ೧೯೫೧ರ ಅಕ್ಟೋಬರಿನಲ್ಲಿ ಪಕ್ಷವು ಹೋರಾಟವನ್ನು ಹಿಂತೆಗೆದುಕೊಂಡಿತು. ಮುಂದಿನ ವರ್ಷದ ಮೊದಲ ಮಹಾಚುನಾವಣೆಯಲ್ಲಿ ನಲ್ಗೊಂಡದ ಜನರು ಅದೇ ರಾವಿ ನಾರಾಯಣರೆಡ್ಡಿಯವರಿಗೆ ೩ ಲಕ್ಷಕ್ಕೂ ಮಿಕ್ಕಿ ಮತಗಳನ್ನಿತ್ತು ಲೋಕಸಭೆಗೆ ಕಳುಹಿಸಿದರು. ಬಂದೂಕಿಗೆ ಸೋತ ಜನರು ಮತಪೆಟ್ಟಿಗೆಯಲ್ಲಿ ತಮ್ಮ ಮಾತನ್ನು ಹೇಳಿದರೆಂಬುದು ಸ್ಪಷ್ಟ.

ಇನ್ನು ಸರಕಾರವು ಮಾಡಿದುದನ್ನು ನೋಡೋಣ. ೧೯೪೯ರಲ್ಲಿ ಜಾಗೀರುಗಳು ರದ್ದಾದವು. ೧೯೫೦ರಲ್ಲಿ ಹೈದರಾಬಾದಿನ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯು ಹೊರಟಿತು. ಬಹುಕಾಲದಿಂದ ಉಳುತ್ತಿದ್ದವನು ‘ರಕ್ಷಿತ ಗೇಣಿದಾರ’ನೆನಿಸಿದನು; ಅವನನ್ನು ಮನಬಂದಂತೆ ಹೊರಡಿಸಲಾಗದೆಂದು ವಿಧಿಸಲಾಯಿತು. ಅಂದಿನ ಮಟ್ಟಕ್ಕೆ ಅದು ದೇಶದ ಉತ್ತಮ ಕಾಯಿದೆಗಳಲ್ಲೊಂದು. ದಂಗೆಯಿಲ್ಲದಿದ್ದರೆ ಇಷ್ಟು ಬೇಗ ಅದು ಹುಟ್ಟುತ್ತಿರಲಿಲ್ಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಫಲವೇನಾಯಿತು? ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು ಹಳ್ಳಿಹಳ್ಳಿ ಪರಿಶೀಲಿಸಿ ೧೯೫೮ರಲ್ಲಿ ಪ್ರಕಟಿಸಿದ ವಿಚಾರಣೆಯು ಉತ್ತರ ಹೇಳುವುದು. ರಕ್ಷಿತರೆನಿಸಿದ ಪ್ರತಿ ೧೦೦ ಗೇಣಿದಾರರಲ್ಲಿ ನಾಲ್ಕು ವರ್ಷಗಳ ತರುವಾಯ ಆ ಸ್ಥಿತಿಯಲ್ಲಿ ಉಳಿದವರು ಸುಮಾರು ೪೫ ಮಂದಿ. ೧೨ ಮಂದಿಯಷ್ಟು ಭೂಮಿಯನ್ನು ಕೊಂಡು ಒಡೆಯರಾದರು. ೨೨ ಮಂದಿಯನ್ನು ಕಾನೂನಿಗೆ ವಿರುದ್ಧವಾಗಿ ಎಬ್ಬಿಸಲಾಯಿತು; ಇನ್ನು ೧೭ ಮಂದಿ ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟರೆಂದು ಕಾಗದಗಳು ಹೇಳಿದವು. ತುತ್ತು ಅನ್ನದ ಭೂಮಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಬಡವನನ್ನು ನಮ್ಮ ವಾಚಕರಲ್ಲಿ ಯಾರಾದರೂ ಕಂಡಿರುವರೇ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಇದೇ ಸಮಯದಲ್ಲಿ ಮೂರನೆಯದೊಂದು ದಾರಿಯೂ ಆ ನೆಲದಲ್ಲಿಯೇ ತೆರೆಯಿತು. ೧೯೫೧ರ ಏಪ್ರಿಲ್ ೧೮ರಂದು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಗೆ ಬಂದ ವಿನೋಬಾ ಭಾವೆಯವರೆದುರು ಹರಿಜನರು ೮೦ ಎಕರೆ ಭೂಮಿಯನ್ನು ಬೇಡಿದಾಗ, ವೆದಿರೆ ರಾಮಚಂದ್ರಾರೆಡ್ಡಿಯವರು ೧೦೦ ಎಕರೆಗಳನ್ನು ದಾನವಾಗಿ ಕೊಟ್ಟರು. ಭೂದಾನವು ಅಲ್ಲಿ ಹುಟ್ಟಿತು. ಅದರ ಔದಾರ್ಯಕ್ಕೆ ನಾವು ತಲೆಬಾಗುವೆವು. ಆದರೂ ದಾನವು ಕೊಡುವವನ ಹೃದಯವನ್ನು ಅವಲಂಬಿಸಿರುವುದು. ಹಕ್ಕು ಅದನ್ನು ಅವಲಂಬಿಸಲಾಗದು. ಮುಂದೆ ದೇಶದಾದ್ಯಂತ ದಾನವಾಗಿ ಬಂದ ಭೂಮಿಯಲ್ಲಿ ಬಹುಭಾಗವು ಸಾಗುವಳಿಗೆ ಒದಗದ ಬೀಳು ಭೂಮಿಯಾಗಿತ್ತು, ಇಲ್ಲವೆ ಹಂಚಿಕೆಯಾಗದೆ ಉಳಿಯಿತು.

ಈಗ ನಮ್ಮ ಲೆಕ್ಕವನ್ನು ಮುಗಿಸಬಹುದು. ಬಿಟ್ಟಿಯು ಅಳಿಯಿತು, ಸೇನೆ ಬಂದ ಮೇಲೂ, ದೊರೆ ಮರಳಿದ ಮೇಲೂ ಆ ಪದ್ಧತಿಯು ಹಿಂದಿನಂತೆ ಮತ್ತೆ ತಲೆಯೆತ್ತಲಿಲ್ಲ. ಹಂಚಿದ ಭೂಮಿಯಲ್ಲಾದರೋ ಬಹುಭಾಗವು ಕೈತಪ್ಪಿತು. ಕಾರಣವು ಗಹನವಾದುದಲ್ಲ. ಬಿಟ್ಟಿಗೆ ದಾಖಲೆ ಬೇಕಿರಲಿಲ್ಲ. ಅದು ನಿಂತಿದ್ದುದು ಭಯದ ಮೇಲೆ. ಭಯವು ಜನರ ಎದೆಯಿಂದ ಹೋದ ದಿನವೇ ಅದೂ ಹೋಯಿತು. ಎದೆಯೊಳಗಿನ ಧೈರ್ಯವನ್ನು ಯಾವ ಪೋಲೀಸನೂ ಜಪ್ತಿ ಮಾಡಲಾರನು. ಭೂಮಿಯಾದರೋ ದಫ್ತರದಲ್ಲಿದೆ. ದಂಗೆಯವರು ಸಾಲದ ಪತ್ರವನ್ನು ಸುಟ್ಟರು. ತಾವು ಕೊಟ್ಟ ಭೂಮಿಗೆ ನಾಳೆಯ ಸರಕಾರವು ಒಪ್ಪತಕ್ಕ ಪತ್ರವನ್ನು ಬರೆದುಕೊಡುವ ಶಕ್ತಿ ಅವರಿಗಿರಲಿಲ್ಲ. ಸರಕಾರವು ಪತ್ರವನ್ನು ಬರೆಯಿತು. ಆದರೆ ಅದನ್ನು ಹಿಡಿದು ನಿಲ್ಲತಕ್ಕ ಬಡವನ ಸಂಘವನ್ನು ಮೊದಲೇ ಮುರಿದಿತ್ತು. ಸಂಘವಿದ್ದಲ್ಲಿ ಕಾಯಿದೆಯಿರಲಿಲ್ಲ, ಕಾಯಿದೆ ಬಂದಾಗ ಸಂಘವಿರಲಿಲ್ಲ. ಈ ಎರಡರ ನಡುವಣ ಬಿರುಕಿನಲ್ಲಿ ಭೂಮಿಯು ಮತ್ತೆ ದೊರೆಯ ಕಡೆಗೆ ಜಾರಿತು.

ಈ ಪಾಠವು ಕನ್ನಡನಾಡಿಗೂ ಸಲ್ಲುವುದು. ೧೯೫೦ರ ಆ ಕಾಯಿದೆಯು ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಗೂ ಅನ್ವಯಿಸಿತ್ತು. ೧೯೫೬ರಲ್ಲಿ ಅವು ಮೈಸೂರು ರಾಜ್ಯವನ್ನು ಸೇರಿದ ಮೇಲೂ, ೧೯೬೧ರ ಭೂಸುಧಾರಣಾ ಕಾಯಿದೆಯು ೧೯೬೫ರಲ್ಲಿ ಜಾರಿಗೆ ಬರುವವರೆಗೆ ಅಲ್ಲಿಯ ಗೇಣಿದಾರನು ಅದರ ಆಶ್ರಯದಲ್ಲಿಯೇ ಇದ್ದನು. ದೇವರಾಜ ಅರಸರ ಸರಕಾರವು ಆ ಕಾಯಿದೆಯನ್ನು ತಿದ್ದಿ, ಗೇಣಿಯ ಭೂಮಿಯೆಲ್ಲವೂ ೧೯೭೪ನೆಯ ಮಾರ್ಚ್ ೧ರಿಂದ ಸರಕಾರಕ್ಕೆ ಸೇರಿತೆಂದು ವಿಧಿಸಿದಾಗ, ಗೇಣಿದಾರನು ೭ನೆಯ ನಮೂನೆಯ ಅರ್ಜಿಯನ್ನು ಕೊಟ್ಟು ಭೂನ್ಯಾಯಮಂಡಲಿಯೆದುರು ತನ್ನ ಮಾತನ್ನು ತಾನೇ ಹೇಳಿಕೊಳ್ಳುವಂತಾಯಿತು. ವಕೀಲರಿಗೆ ಅಲ್ಲಿ ಮೊದಮೊದಲು ಪ್ರವೇಶವಿರಲಿಲ್ಲ. ಗೇಣಿದಾರರು ಬಹುಸಂಖ್ಯರಾಗಿ ಎಚ್ಚತ್ತಿದ್ದ ಕರಾವಳಿಯಲ್ಲಿ ಅದರ ಫಲವು ಹೇರಳವಾಯಿತು. ಇಂದು ಕಲ್ಯಾಣ ಕರ್ನಾಟಕವೆನಿಸುವ ಹಳೆಯ ಹೈದರಾಬಾದು ಸೀಮೆಯಲ್ಲಿ ಅಷ್ಟು ಫಲ ಸಿಗಲಿಲ್ಲ. ಕಾಯಿದೆ ಒಂದೇ, ಅದನ್ನು ಹಿಡಿದುಕೊಂಡ ಕೈಗಳ ಬಲ ಬೇರೆ.

ದಂಗೆಗಳನ್ನು ಅಡಗಿಸುವ ವಿದ್ಯೆಯು ಎಲ್ಲ ಸರಕಾರಗಳಿಗೂ ಬರುತ್ತದೆ. ದಂಗೆ ಏಳದಂತೆ ನೋಡಿಕೊಳ್ಳುವ ವಿದ್ಯೆಯು ದೊಡ್ಡ ಸೇನಾಪತಿಗಳ ಕೈಯಲ್ಲಿಲ್ಲ. ಅದು ತಾಲೂಕು ಕಚೇರಿಯ ಗುಮಾಸ್ತನ ಲೇಖಣಿಯಲ್ಲಿದೆ. ಪಹಣಿಯ ಒಂದು ಕಲಮಿನಲ್ಲಿ ಉಳುವವನ ಹೆಸರನ್ನು ನಿಜವಾಗಿ ಬರೆದ ಅಧಿಕಾರಿಯು, ಅದನ್ನು ಯಾರೂ ಕಾಣದಿದ್ದರೂ, ಒಂದು ಹಳ್ಳಿಯ ಶಾಂತಿಯನ್ನು ಕಾಯ್ದವನು. ಅದನ್ನು ಒಡೆಯನ ಮಾತಿಗೆ ಅಳಿಸಿದವನು ಕೊಮರಯ್ಯನ ಮೇಲೆ ಹಾರಿದ ಗುಂಡಿಗೆ ಮದ್ದು ತುಂಬಿದವರ ಸಾಲಿಗೆ ಸೇರಿದವನು. ಕಚೇರಿಯ ಮೇಜಿನ ಮುಂದೆ ಕುಳಿತ ನಮ್ಮ ವಾಚಕರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ವಿನಯಪೂರ್ವಕವಾಗಿ ಸೂಚಿಸುವೆವು.